ವೀರಗಲ್ಲಿನ ಚಿತ್ರ ತೆಗೆಯುವ ಮೊದಲು: ಕಪ್ಪು-ಬಿಳುಪು ಫಿಲಂನ ವೇಗ ಪರೀಕ್ಷೆ



ಧರ್ಮಪುರಿಯ ಹಳೆಯ ಹೆಸರು ತಗಡೂರು. 9ನೆಯ ಶತಮಾನದಲ್ಲಿ ಇಲ್ಲಿ ನೊಳಂಬರ ಆಳ್ವಿಕೆ ನಡೆದಿತ್ತು. ಅವರ ಕಾಲದ ಕನ್ನಡ ಶಾಸನಗಳು ಇಲ್ಲಿ ಸಿಕ್ಕಿವೆ. ಈ ಭಾಗದ ಹೊಲಗಳ ಬದುವಿನಲ್ಲಿ, ಗುಡಿಗಳ ಬದಿಯಲ್ಲಿ ನಿಂತ ವೀರಗಲ್ಲುಗಳು ಮಳೆ ಬಿಸಿಲಿಗೆ ಸವೆಯುತ್ತಿವೆ. ಮನೆಯಲ್ಲಿರುವ ಹಳೆಯ ಫಿಲಂ ಕ್ಯಾಮರಾದಿಂದ ಇವುಗಳ ಚಿತ್ರ ತೆಗೆದಿಡಲು ಬಯಸುವ ಸದಸ್ಯರಿಗಾಗಿ ಈ ಟಿಪ್ಪಣಿ. ಚೆನ್ನಾಗಿ ಫಿಕ್ಸ್ ಮಾಡಿ ತೊಳೆದ ಕಪ್ಪು-ಬಿಳುಪು ನೆಗೆಟಿವ್ ಹಲವು ದಶಕ ಉಳಿಯುತ್ತದೆ. ಆದರೆ ಮೊದಲ ರೋಲನ್ನು ಪರೀಕ್ಷೆಗೆ ಮೀಸಲಿಡಿ. ಕೆತ್ತಿದ ಅಕ್ಷರವೆಂದರೆ ಕಲ್ಲಿನ ಮೇಲಿನ ಒಂದು ಸಣ್ಣ ನೆರಳು. ಬೆಳಕು ಕಡಿಮೆಯಾದರೆ ಫಿಲಂನಲ್ಲಿ ಮೊದಲು ಅಳಿದುಹೋಗುವುದು ಈ ನೆರಳಿನ ವಿವರವೇ.

ಡಬ್ಬಿಯ ಮೇಲಿನ ಅಂಕಿ

ಫಿಲಂ ಡಬ್ಬಿಯ ಮೇಲಿನ ಐಎಸ್‌ಒ ಅಂಕಿಯನ್ನು ಪ್ರಯೋಗಾಲಯದ ನಿಗದಿತ ಕ್ರಮದಲ್ಲಿ ಅಳೆದಿರುತ್ತಾರೆ. ನಿಮ್ಮ ಮೀಟರು, ಹಳೆಯ ಶಟರು, ಡೆವಲಪರು, ನೀರು ಇವೆಲ್ಲ ಬೇರೆ. ಆದ್ದರಿಂದ 400 ಎಂದು ಬರೆದ ಫಿಲಂ ನಿಮ್ಮ ಕೈಯಲ್ಲಿ 250ರಂತೆ ನಡೆದುಕೊಳ್ಳಬಹುದು. ಮೀಟರಿನಲ್ಲಿ 800 ಎಂದು ಇಟ್ಟರೆ ಫಿಲಂನ ಶಕ್ತಿ ಹೆಚ್ಚುವುದಿಲ್ಲ. ಅದರ ಮೇಲೆ ಬೀಳುವ ಬೆಳಕು ಅರ್ಧವಾಗುತ್ತದೆ, ಅಷ್ಟೇ.

ಪರೀಕ್ಷೆಯ ಕ್ರಮ

ಉದಾಹರಣೆಗೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ 400, 36 ಚಿತ್ರಗಳ ರೋಲು.

1. ಮೋಡವಿಲ್ಲದ ದಿನ, ಮನೆಯ ನೆರಳಿನ ಬದಿಯಲ್ಲಿ ಒಂದು ಬೀಸುವ ಕಲ್ಲು, ಬಿಳಿ ಪಂಚೆ, ಕಪ್ಪು ಕೊಡೆ ಇಡಿ. ಕಲ್ಲಿನ ಉಳಿಯೇಟುಗಳು ಶಾಸನದ ಅಕ್ಷರಕ್ಕೆ ಸಮೀಪದ ವಸ್ತು.
2. ಕ್ಯಾಮರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ. ಆಟೋ ಬೇಡ.
3. ಮೀಟರನ್ನು 400ಕ್ಕೆ ಇಟ್ಟು ಕಲ್ಲನ್ನು ಅಳೆಯಿರಿ. ಎಫ್ 8, 1/250 ಸೆಕೆಂಡ್ ಬಂತೆಂದು ಇಟ್ಟುಕೊಳ್ಳೋಣ. ಎಫ್ 8 ಬದಲಿಸದೆ ಹೀಗೆ ತೆಗೆಯಿರಿ:
 - 100ಕ್ಕೆ 1/60
 - 200ಕ್ಕೆ 1/125
 - 400ಕ್ಕೆ 1/250
 - 800ಕ್ಕೆ 1/500
 - 1600ಕ್ಕೆ 1/1000
4. ಪ್ರತಿ ಚಿತ್ರದಲ್ಲೂ ಆ ಅಂಕಿಯನ್ನು ದೊಡ್ಡದಾಗಿ ಬರೆದ ಚೀಟಿ ಕಾಣಬೇಕು. ಆರನೆಯದನ್ನು ಲೆನ್ಸ್ ಮುಚ್ಚಿಯೇ ತೆಗೆಯಿರಿ. ಹೋಲಿಸಿ ನೋಡಲು ಈ ಖಾಲಿ ಚಿತ್ರ ಬೇಕು.
5. ಇದೇ ಆರನ್ನು ಇದೇ ಕ್ರಮದಲ್ಲಿ ರೋಲು ಮುಗಿಯುವವರೆಗೆ ಪುನರಾವರ್ತಿಸಿ. ಆಗ ಕತ್ತಲೆಯಲ್ಲಿ ಫಿಲಂ ಅನ್ನು ಅಂದಾಜಿನಲ್ಲಿ ಮೂರು ಸಮಭಾಗ ಮಾಡಿದರೂ ಪ್ರತಿ ತುಂಡಿನಲ್ಲೂ ಎಲ್ಲ ಅಂಕಿಗಳೂ ಸಿಗುತ್ತವೆ.

ಡೆವಲಪ್ ಮಾಡುವಾಗ

ನೀರು ಬೆರೆಸದ ಐಡಿ-11 ಡೆವಲಪರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಈ ಫಿಲಂಗೆ ತಯಾರಕರು ಕೊಡುವ ಸಮಯ: 400ಕ್ಕೆ 7½ ನಿಮಿಷ, 800ಕ್ಕೆ 10½, 1600ಕ್ಕೆ 14. ಮೂರು ತುಂಡುಗಳನ್ನು ಈ ಮೂರು ಸಮಯದಲ್ಲಿ ಬೇರೆ ಬೇರೆಯಾಗಿ ಡೆವಲಪ್ ಮಾಡಿ.

ಸೇಲಂ, ಧರ್ಮಪುರಿಯ ಬೇಸಿಗೆಯಲ್ಲಿ ನಲ್ಲಿಯ ನೀರು 20 ಡಿಗ್ರಿಯಲ್ಲಿ ಬರುವುದಿಲ್ಲ. ಡೆವಲಪರಿನ ಬಾಟಲಿಯನ್ನು ಐಸ್ ಹಾಕಿದ ನೀರಿನ ಬೇಸಿನ್ನಿನಲ್ಲಿಟ್ಟು ಥರ್ಮಾಮೀಟರಿನಿಂದ ನೋಡಿ. ಡೆವಲಪರಿಗೇ ಐಸ್ ಹಾಕಿದರೆ ಅದು ತೆಳುವಾಗುತ್ತದೆ. ಫಿಕ್ಸರು, ತೊಳೆಯುವ ನೀರು ಕೂಡ ಸುಮಾರು ಅದೇ ತಾಪದಲ್ಲಿರಲಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಕಲೆ ಉಳಿಸುತ್ತದೆ. ಕೊನೆಯ ಜಾಲಿಕೆಗೆ ಡಿಸ್ಟಿಲ್ಡ್ ವಾಟರ್ ಬಳಸಿ.

ಫಲಿತಾಂಶ ನೋಡುವ ಬಗೆ

ನೆಗೆಟಿವ್‌ನಲ್ಲಿ ನೆರಳು ತಿಳಿಯಾಗಿಯೂ ಬೆಳಕು ಕಪ್ಪಾಗಿಯೂ ಕಾಣುತ್ತದೆ. ಉಳಿಯೇಟಿನ ಗುಳಿ, ಕೊಡೆಯ ಮಡಿಕೆ ಖಾಲಿ ಚಿತ್ರದಷ್ಟೇ ತಿಳಿಯಾಗಿದ್ದರೆ ಅಲ್ಲಿ ಏನೂ ದಾಖಲಾಗಿಲ್ಲ. ಮೊದಲು 7½ ನಿಮಿಷದ ತುಂಡನ್ನು ನೋಡಿ. ಅದರಲ್ಲಿ ನೆರಳಿನ ವಿವರ ಉಳಿದಿರುವ ಅತಿ ಹೆಚ್ಚಿನ ಅಂಕಿಯೇ ನಿಮ್ಮ ವೇಗ. ಕೆಲವರಿಗೆ 400, ಹಲವರಿಗೆ 200ರ ಹತ್ತಿರ ಬರುತ್ತದೆ.

ಬಳಿಕ 14 ನಿಮಿಷದ ತುಂಡಿನಲ್ಲಿ 1600ರ ಚಿತ್ರ ನೋಡಿ. ಪಂಚೆ, ಕಲ್ಲಿನ ಮೈ ಚೆನ್ನಾಗಿ ಬಂದಿರುತ್ತವೆ. ಗುಳಿಗಳು ಬಹುಮಟ್ಟಿಗೆ ಖಾಲಿಯೇ. ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಬೆಳಕಿನ ಭಾಗ ದಟ್ಟವಾಗುತ್ತದೆ, ಕಾಂಟ್ರಾಸ್ಟ್ ಏರುತ್ತದೆ. ಬೀಳದ ಬೆಳಕನ್ನು ಡೆವಲಪರು ತಂದುಕೊಡಲಾರದು. ರಾತ್ರಿಯ ಉತ್ಸವಕ್ಕೆ 1600 ಸಾಕಾದೀತು, ಶಾಸನಕ್ಕೆ ಸಾಲದು.

ಸ್ಕ್ಯಾನ್ ಮಾಡಿ ಹೋಲಿಸುವವರು ಸ್ಕ್ಯಾನರಿನ ಆಟೋ ಸರಿಪಡಿಕೆಯನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಎಲ್ಲ ಚಿತ್ರಗಳೂ ಒಂದೇ ರೀತಿ ಕಂಡು ಪರೀಕ್ಷೆ ವ್ಯರ್ಥವಾಗುತ್ತದೆ.

ಕಲ್ಲಿನ ಮುಂದೆ

- ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಕಲ್ಲಿನ ಪಕ್ಕದಿಂದ ಸವರಿಕೊಂಡು ಬರುವಾಗ ಅಕ್ಷರ ಎದ್ದು ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಿಗೆ ಒಂದು ಕನ್ನಡಿಯಿಂದ ಪಕ್ಕದ ಬೆಳಕು ಕೊಡಬಹುದು.
- ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚಬೇಡಿ. ತಪ್ಪಾಗಿ ತಿದ್ದಿದ ಅಕ್ಷರವನ್ನು ಮುಂದಿನವರೂ ತಪ್ಪಾಗಿಯೇ ಓದುತ್ತಾರೆ.
- ಚಿತ್ರದಲ್ಲಿ ಒಂದು ಅಳತೆಪಟ್ಟಿ ಇರಲಿ.
- ಅನುಮಾನವಿದ್ದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಟ್ಟು ಇನ್ನೊಂದು ತೆಗೆಯಿರಿ.
- ಖಾಸಗಿ ಹೊಲವಾದರೆ ಮಾಲೀಕರನ್ನು ಕೇಳಿ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ವೀರಗಲ್ಲುಗಳಿವೆ. ಅಲ್ಲಿ ಮೊದಲೇ ಅನುಮತಿ ಕೇಳಿ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ರೋಲುಗಳು ಬೀರುವಿನಲ್ಲಿ ಉಳಿದಿದ್ದರೆ ಕಲ್ಲಿನ ಚಿತ್ರಕ್ಕೆ ಬಳಸಬೇಡಿ. ವಯಸ್ಸಾದ ಫಿಲಂನ ವೇಗ ಇಳಿದು, ಮಬ್ಬು ಏರಿರುತ್ತದೆ. ಹೊಸ ಫಿಲಂನ ಒಂದು ರೋಲು ಖರ್ಚಾಯಿತೆಂದು ಯಾರೂ ನೊಂದುಕೊಳ್ಳಬೇಕಿಲ್ಲ. ಫಿಲಂ ಮತ್ತೆ ಸಿಗುತ್ತದೆ. ಕಲ್ಲಿನ ಮೇಲೆ ಈ ವರ್ಷ ಓದಲು ಬರುವ ಸಾಲು ಹತ್ತು ವರ್ಷದ ಮೇಲೆ ಅಲ್ಲಿರುತ್ತದೆಂಬ ಖಾತರಿ ಇಲ್ಲ.

ಪರೀಕ್ಷೆ ಮಾಡಿದವರು ಕ್ಯಾಮರಾ, ಫಿಲಂ, ಡೆವಲಪರು, ತಾಪ, ಸಮಯ ಮತ್ತು ಆರಿಸಿಕೊಂಡ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು, ನೆಗೆಟಿವ್ ಜೊತೆಗೆ ಮುಂದಿನ ಸಭೆಗೆ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ