ದೊರೆತನ ಮುಗಿದ ಮೇಲೆ

1948ರ ಸೆಪ್ಟೆಂಬರ್ 17, ಶುಕ್ರವಾರ. ನಸುಕಿನಲ್ಲೇ ಭಾರತದ ಸೇನೆ ಬೀದರ್ ನಗರವನ್ನು ಹೊಕ್ಕಿತು. ಅಂದೇ ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನವಿರಾಮ ಸಾರಿದರು. 1724ರಿಂದ ನಡೆದುಬಂದ ಅಸಫ್‌ಜಾಹಿ ಆಳ್ವಿಕೆ ಐದು ದಿನಗಳ ಕಾರ್ಯಾಚರಣೆಗೆ ಮಣಿಯಿತು. ಚಲನಚಿತ್ರವಾಗಿದ್ದರೆ ಅಲ್ಲಿಗೇ ಶುಭಂ. ಆದರೆ ಬೀದರ, ಭಾಲ್ಕಿ, ಔರಾದಗಳ ಕಥೆಗೆ ಇನ್ನೂ ಎಂಟು ವರ್ಷ ಬಾಕಿಯಿತ್ತು.

ಜನ ದಾಟಿಬಂದ ಕಾಲ ಘೋರವಾದದ್ದು. ನೆರೆಯ ಲಾತೂರಿನ ವಕೀಲ ಖಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಗಳನ್ನು ಸುಲಿದರು. ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನೆತ್ತರು ಹರಿಯಿತು. ಕಚೇರಿಯ ಕಾಗದ, ಶಾಲೆಯ ಪಾಠ ಎಲ್ಲವೂ ಉರ್ದುವಿನಲ್ಲಿ. ಕನ್ನಡ ಕಲಿಸಲೂ ಉಪಾಯ ಬೇಕಿತ್ತು. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವೇರಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಅಕ್ಷರ ತಿದ್ದಿಸಿದರು.

ದೊರೆತನ ಹೋಯಿತು, ದೊರೆ ಹೋಗಲಿಲ್ಲ. ಮೇಜರ್ ಜನರಲ್ ಜೆ.ಎನ್. ಚೌಧುರಿ ಸೇನಾ ಗವರ್ನರಾಗಿ ಆಡಳಿತ ಹಿಡಿದರು. 1950ರ ಜನವರಿ 26ರಂದು ಉಸ್ಮಾನ್ ಅಲಿ ಖಾನರೇ ಹೈದರಾಬಾದ್ ರಾಜ್ಯದ ರಾಜಪ್ರಮುಖರಾದರು. ವರ್ಷಕ್ಕೆ 50 ಲಕ್ಷ ರೂಪಾಯಿಯ ರಾಜಧನವೂ ನಿಗದಿಯಾಯಿತು. ಪೇಟೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ಕೆಲವು ವರ್ಷ ಓಡಾಡುತ್ತಲೇ ಇತ್ತು: ಏಳು ಹಾಲಿ ರೂಪಾಯಿಗೆ ಭಾರತದ ಆರು ರೂಪಾಯಿ. ಗಿರಾಕಿ ಎರಡು ರಾಜ್ಯಗಳ ಲೆಕ್ಕವನ್ನು ಬೆರಳೆಣಿಕೆಯಲ್ಲೇ ಮಾಡಬೇಕಿತ್ತು.

ಇನ್ನೊಂದು ಅಧ್ಯಾಯವನ್ನು ವಿಮೋಚನೆಯ ಭಾಷಣಗಳು ಹಾರಿಸಿಬಿಡುತ್ತವೆ. ರಜಾಕಾರರ ಹಾವಳಿ ಅಡಗಿದ ಬೆನ್ನಲ್ಲೇ ಸೇಡಿನ ಹಾವಳಿ ಎದ್ದಿತು; ಬಲಿಯಾದವರು ಮುಸ್ಲಿಮರು, ಅವರಲ್ಲಿ ಬಹುಪಾಲು ರಜಾಕಾರರ ಜತೆ ಸಂಬಂಧವೇ ಇಲ್ಲದ ಬಡವರು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲರ ತಂಡ ಆ ನವೆಂಬರ್, ಡಿಸೆಂಬರಿನಲ್ಲಿ ಊರೂರು ತಿರುಗಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡಗಳೊಡನೆ ಬೀದರನ್ನೂ ಎಣಿಸಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ಬದಲಾವಣೆ ಬಂದದ್ದು ಕಾನೂನಿನ ನಿಧಾನಗತಿಯಲ್ಲಿ. 1949ರಲ್ಲಿ ಜಾಗೀರುಗಳು ರದ್ದಾದವು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಜಮೀನ್ದಾರನಿಗೂ ಅವನ ಜೀತದಾಳಿಗೂ ಒಂದೊಂದೇ ಮತ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ನಕ್ಷೆಯಿಂದ ಅಳಿಯಿತು. ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿಗೆ, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಬಂದವು. ರಾಜಪ್ರಮುಖ ಪದವಿಯೂ ಆಗಲೇ ಇಲ್ಲವಾಯಿತು.

ಪ್ರತಿ ಸೆಪ್ಟೆಂಬರ್ 17ಕ್ಕೆ ಇಲ್ಲಿ ಧ್ವಜ ಏರುತ್ತದೆ. ಅಂದು ಗೋರ್ಟಾದ ಹೆಸರು ಹೇಳುವುದು ನ್ಯಾಯವೇ. ಅದೇ ಉಸಿರಿನಲ್ಲಿ ಆ ಚಳಿಗಾಲದಲ್ಲಿ ಗಂಡಸರನ್ನು ಕಳೆದುಕೊಂಡ ಮನೆಗಳ ಹೆಸರನ್ನೂ ಹೇಳಿದರೆ ಮಾತ್ರ ಈ ಸೀಮೆಯ ಚರಿತ್ರೆ ಪೂರ್ತಿಯಾದೀತು.