ತಂಪಾದ ಮನೆ, ಹಾನಿಯಿಲ್ಲದ ಗೋಡೆ: ಇತಿಹಾಸದ ಪಾಠ

ಮನೆಯು ಅಲ್ಲಾಹನ ಅನುಗ್ರಹಗಳಲ್ಲೊಂದು. ಪವಿತ್ರ ಕುರ್‌ಆನ್‌ನ ಅನ್ನಹ್ಲ್ ಅಧ್ಯಾಯವು ಅದನ್ನು ನೆಮ್ಮದಿಯ ತಾಣವೆಂದು ಬಣ್ಣಿಸಿದೆ. ಈ ಅನುಗ್ರಹದ ಬಳಕೆಗೆ ಇಸ್ಲಾಮ್ ಎರಡು ಮೇರೆಗಳನ್ನು ವಿಧಿಸಿದೆ. ಇಸ್ರಾಫ್, ಅಂದರೆ ದುಂದುಗಾರಿಕೆ ಸಲ್ಲದು ಎಂಬುದು ಮೊದಲನೆಯದು. ತನಗಾಗಲಿ ಪರರಿಗಾಗಲಿ ಹಾನಿ ಮಾಡಬಾರದು ಎಂಬುದು ಎರಡನೆಯದು. ವಿದ್ಯುತ್ತು, ಇಂಧನಗಳನ್ನು ಉಳಿಸುವ ಮನೆ ಕಟ್ಟಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಅದು ಮೊದಲ ಮೇರೆಗೆ ಸಂಬಂಧಿಸಿದ್ದು. ಆದರೆ ಆ ಉಳಿತಾಯಕ್ಕಾಗಿ ಬಳಸುವ ಸಾಮಗ್ರಿ ಯಾರ ಉಸಿರಿಗೆ ಕುತ್ತು ತರುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಇವೆರಡನ್ನೂ ಬೇರ್ಪಡಿಸಿದಾಗ ಏನಾಗುತ್ತದೆಂಬುದಕ್ಕೆ ಇತಿಹಾಸವೇ ಸಾಕ್ಷಿ.

ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಮದೀನಾದಲ್ಲಿ ಮಸೀದಿಯ ನಿರ್ಮಾಣ ಆರಂಭಿಸಿದಾಗ ಸಹಾಬಿಗಳೊಂದಿಗೆ ಸ್ವತಃ ಇಟ್ಟಿಗೆ ಹೊತ್ತರು. ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಅದರ ಗರಿಯ ಮಾಡು. ಎಲ್ಲವೂ ಆ ನೆಲದ್ದೇ. ಮಳೆ ಬಂದಾಗ ಮಾಡು ಸೋರುತ್ತಿತ್ತು, ನೆಲ ಕೆಸರಾಗುತ್ತಿತ್ತು. ಮುಂದೆ ಹಝ್ರತ್ ಉಸ್ಮಾನ್(ರ)ರು ಕೆತ್ತಿದ ಕಲ್ಲು, ಗಾರೆ ಮತ್ತು ತೇಗದ ಮರದಿಂದ ಅದನ್ನು ಪುನರ್ನಿರ್ಮಿಸಿದರು. ಆದ್ದರಿಂದ ಮಣ್ಣೇ ಪವಿತ್ರ, ಹೊಸ ಸಾಮಗ್ರಿ ನಿಷಿದ್ಧ ಎಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ. ಅಗತ್ಯಕ್ಕೆ ತಕ್ಕಂತೆ ಬದಲಾಗಬಹುದು. ಹಾನಿ ಮಾಡಬಾರದು, ಅಷ್ಟೆ.

ನಂತರದ ಶತಮಾನಗಳಲ್ಲಿ ಮುಸ್ಲಿಮ್ ನಗರಗಳ ಕುಶಲಿಗರು ಈ ವಿವೇಕವನ್ನು ವಿದ್ಯೆಯಾಗಿ ಬೆಳೆಸಿದರು. ಕೈರೋದ ಹಳೆಯ ಮನೆಗಳಲ್ಲಿ ಮಾಡಿನ ಮೇಲೆದ್ದ ‘ಮಲ್ಕಫ್’ ಎಂಬ ಗಾಳಿಗೋಪುರವು ಎತ್ತರದ ತಂಗಾಳಿಯನ್ನು ಹಿಡಿದು ನಡುಮನೆಗೆ ಇಳಿಸುತ್ತಿತ್ತು. ‘ಮಶ್ರಬಿಯ್ಯಾ’ ಎಂಬ ಮರದ ಜಾಲರಿ ಕಿಟಕಿಯು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತಿತ್ತು, ಮನೆಯವರ ಪರದೆಯನ್ನೂ ಕಾಯುತ್ತಿತ್ತು. ಇವಕ್ಕೆ ಇಂಧನವೇ ಬೇಕಿರಲಿಲ್ಲ.

ಕೈಗಾರಿಕಾ ಯುಗ ಬೇರೆ ದಾರಿ ಹಿಡಿಯಿತು. ಉಗಿಯಂತ್ರದ ಕೊಳವೆಗಳಿಂದ ಶಾಖ ಸೋರಿ ಕಲ್ಲಿದ್ದಲು ವ್ಯರ್ಥವಾಗದಂತೆ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು ಸುತ್ತಲಾಯಿತು. ಬೆಂಕಿಗೆ ಬಗ್ಗದ, ಶಾಖ ತಡೆಯುವ, ಅಗ್ಗದ ಈ ವಸ್ತು ಕಾಲಕ್ರಮೇಣ ಗೋಡೆ, ಚಾವಣಿಗಳಿಗೂ ಬಂತು. ಇಂಧನದ ಲೆಕ್ಕದಲ್ಲಿ ಅದು ಲಾಭವೇ ಆಗಿತ್ತು. ಆದರೆ 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ ಎಂಬಾಕೆ 33ನೇ ವಯಸ್ಸಿನಲ್ಲಿ ಮರಣಹೊಂದಿದಾಗ, ಆಕೆಯ ಶ್ವಾಸಕೋಶದಲ್ಲಿ ಆ ನಾರಿನ ಧೂಳು ಪತ್ತೆಯಾಯಿತು. ಬ್ರಿಟನ್ನಿನಲ್ಲಿ ಕಲ್ನಾರಿಗೆ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ನಡುವೆ ಕಳೆದದ್ದು 75 ವರ್ಷ! ಕಾರ್ಮಿಕರ ಬಟ್ಟೆಗಂಟಿದ ಧೂಳು ಅವರ ಮಡದಿ ಮಕ್ಕಳನ್ನೂ ರೋಗಕ್ಕೆ ತುತ್ತಾಗಿಸಿತು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಒಬ್ಬನ ಉಳಿತಾಯಕ್ಕೆ ಇನ್ನೊಬ್ಬನ ಶ್ವಾಸಕೋಶ ಬೆಲೆ ತೆರುವುದಾದರೆ ಅದು ಮಿತವ್ಯಯವಲ್ಲ, ‘ಹುಕೂಕುಲ್ ಇಬಾದ್’ ಅಂದರೆ ಸಹಜೀವಿಗಳ ಹಕ್ಕಿನ ಉಲ್ಲಂಘನೆ.

ಈ ಎರಡು ಮೇರೆಗಳನ್ನು ಮತ್ತೆ ಬೆಸೆಯಲು ಶ್ರಮಿಸಿದವರಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್‌ಹೀ (1900–1989) ಪ್ರಮುಖರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮರ, ಉಕ್ಕುಗಳು ದುರ್ಲಭವಾದಾಗ ಅವರು ಹಸಿ ಇಟ್ಟಿಗೆಯಲ್ಲೇ ಮಾಡು ಕಟ್ಟಲು ಯತ್ನಿಸಿದರು. ಕಮಾನುಗಳು ಕುಸಿದವು. ಆಗ ಅಸ್ವಾನ್ ಸಮೀಪದ ನೂಬಿಯಾದ ಹಳ್ಳಿಗಳಿಗೆ ಹೋಗಿ ನೋಡಿದರೆ, ಅಲ್ಲಿನ ಗಾರೆ ಕೆಲಸದವರು ಸೆಂಟ್ರಿಂಗ್ ಇಲ್ಲದೆಯೇ ಮಣ್ಣಿನ ಕಮಾನು ಚಾವಣಿ ಏರಿಸುತ್ತಿದ್ದರು. ವಿದ್ಯಾವಂತ ಶಿಲ್ಪಿಯು ಆ ಹಳ್ಳಿಗರ ಶಿಷ್ಯನಾದನು.

1964ರಲ್ಲಿ ಕೈರೋದಲ್ಲಿ ಎರಡು ಮಾದರಿ ಕಟ್ಟಡಗಳ ತಾಪಮಾನ ಅಳೆಯಲಾಯಿತು. 50 ಸೆಂ.ಮೀ. ದಪ್ಪದ ಮಣ್ಣಿನ ಗೋಡೆಯ ಕೋಣೆಯಲ್ಲಿ ದಿನವಿಡೀ ಉಷ್ಣತೆ 21ರಿಂದ 23 ಡಿಗ್ರಿಯ ನಡುವೆಯೇ ಇತ್ತು. ತೆಳುವಾದ ಕಾಂಕ್ರೀಟ್ ಫಲಕಗಳ ಕೋಣೆಯಲ್ಲಿ ಅದು 36 ಡಿಗ್ರಿಗೇರಿತು. ಅಂದರೆ ಹೊರಗಿನ ಬಿಸಿಲಿಗಿಂತಲೂ 9 ಡಿಗ್ರಿ ಹೆಚ್ಚು! ದಪ್ಪ ಗೋಡೆಯು ಹಗಲಿನ ಶಾಖವನ್ನು ನಿಧಾನವಾಗಿ ಹೀರಿ, ರಾತ್ರಿ ನಿಧಾನವಾಗಿ ಬಿಟ್ಟುಕೊಡುವುದೇ ಇದರ ಗುಟ್ಟು.

ಆದರೂ ಫತ್‌ಹೀಯವರ ಮಹತ್ವಾಕಾಂಕ್ಷೆಯ ಕೆಲಸ ಅಪೂರ್ಣವಾಗಿ ನಿಂತಿತು. ಲಕ್ಸರ್ ಬಳಿ ಪ್ರಾಚೀನ ಗೋರಿಗಳ ಮೇಲೆ ವಾಸವಿದ್ದ ಗುರ್ನಾ ಗ್ರಾಮಸ್ಥರಿಗಾಗಿ 1940ರ ದಶಕದಲ್ಲಿ ಅವರು ಮಸೀದಿ, ಶಾಲೆ, ಮಾರುಕಟ್ಟೆಗಳಿದ್ದ ಹೊಸ ಗ್ರಾಮ ಕಟ್ಟತೊಡಗಿದರು. ಜನರು ಬರಲೊಪ್ಪಲಿಲ್ಲ. ಅವರ ಜೀವನೋಪಾಯ ಹಳೆಯ ಜಾಗಕ್ಕೇ ಅಂಟಿಕೊಂಡಿತ್ತು. ಗೋಡೆ ಎಷ್ಟೇ ಒಳ್ಳೆಯದಿರಲಿ, ವಾಸಿಸುವವರೊಡನೆ ಶೂರಾ, ಅಂದರೆ ಸಮಾಲೋಚನೆ ನಡೆಸಿ ಅವರ ಒಪ್ಪಿಗೆ ಪಡೆಯದಿದ್ದರೆ ಅದು ಮನೆಯಾಗದು ಎಂಬುದು ಇಲ್ಲಿನ ಪಾಠ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಮುರಕಲ್ಲಿನ ದಪ್ಪ ಗೋಡೆ, ಇಳಿಜಾರು ಹೆಂಚಿನ ಮಾಡುಗಳಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿ ತಯಾರಿಸುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದನ್ನು ಗೂಡಿನಲ್ಲಿ ಸುಡಬೇಕಿಲ್ಲ. ಸೌದೆ ಉಳಿಯುತ್ತದೆ, ಮಳೆಯನ್ನೂ ತಾಳುತ್ತದೆ. ಇನ್ನು ಕಲ್ನಾರಿನ ಶೀಟು ಈಗಾಗಲೇ ಮನೆಯ ಮೇಲಿದ್ದರೆ ಅದನ್ನು ಒಡೆಯುವುದು, ಕೊಯ್ಯುವುದು, ಮಕ್ಕಳೆದುರು ತೂತು ಕೊರೆಯುವುದು ಸಲ್ಲದು. ಆ ಧೂಳೇ ಅಪಾಯಕಾರಿ.

ಸಹೋದರ ಸಹೋದರಿಯರೇ, ಮನೆ ಕಟ್ಟಲು ಹೊರಟಾಗ ಎಷ್ಟು ಉಳಿಯುತ್ತದೆ ಎಂದು ಕೇಳೋಣ. ಯಾರಿಗಾದರೂ ಇದರಿಂದ ಹಾನಿಯಿದೆಯೇ ಎಂದೂ ಅದೇ ಉಸಿರಿನಲ್ಲಿ ಕೇಳೋಣ. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಕೆಡಿಸದೆ ನೆಮ್ಮದಿಯ ಮನೆ ಕಟ್ಟಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.