ಊರಿಗೆ ಹೋದಾಗ ಮೀನಿಗೆ ಊಟ ಹಾಕುವವರು ಯಾರು?

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕದೇವಿಯ ಜಾತ್ರೆಗೆ ಸುತ್ತಲಿನ ಊರುಗಳೇ ಎದ್ದು ಹೊರಡುತ್ತವೆ. ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವವರು ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆ ಕಡಿಮೆಯೇನಿಲ್ಲ. ಸೂಟಿ ಬಿಟ್ಟರೆ ಮಕ್ಕಳನ್ನು ಕಟ್ಟಿಕೊಂಡು ಅಜ್ಜಿಯ ಊರಿಗೆ ಹೋಗುವುದಂತೂ ಇದ್ದದ್ದೇ. ಎಮ್ಮೆಗೆ ಮೇವು ಹಾಕಲು ಪಕ್ಕದ ಮನೆಯವರಿಗೆ ಹೇಳಿದ್ದಾಯಿತು, ತುಳಸಿಗೆ ನೀರೆರೆಯಲು ಹೇಳಿದ್ದಾಯಿತು. ಆದರೆ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಬಾಯಿ ತೆರೆದು ಮುಚ್ಚುತ್ತಿರುವ ಮೀನುಗಳ ಗತಿ ಏನು?

ಅನೇಕರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸುಲಭದ್ದು. ನಾಲ್ಕು ದಿನದ ಆಹಾರವನ್ನು ಒಮ್ಮೆಗೇ ಸುರಿದು ಮನೆಗೆ ಬೀಗ ಹಾಕುವುದು. ಮರಳಿ ಬಂದಾಗ ನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ, ವಾಸನೆ ಮೂಗಿಗೆ ರಾಚುತ್ತದೆ, ಮೀನುಗಳು ತೇಲುತ್ತಿರುತ್ತವೆ. 'ಪಾಪ, ಹಸಿವಿನಿಂದ ಸತ್ತವು' ಎಂದು ಮನೆಯವರು ಮರುಗುತ್ತಾರೆ. ನಿಜವೆಂದರೆ, ಅವು ಸತ್ತದ್ದು ಹಸಿವಿನಿಂದಲ್ಲ, ಹೆಚ್ಚಾದ ಊಟದಿಂದ. ಈ ತಪ್ಪು ಏಕೆ ಆಗುತ್ತದೆಂದು ತಿಳಿಯಲು, ಮನುಷ್ಯ ಮೀನಿಗೆ ಊಟ ಹಾಕುತ್ತ ಬಂದ ಕಥೆಯನ್ನು ಸ್ವಲ್ಪ ನೋಡಬೇಕು.

ಅರಸನ ವಿನೋದ

ಆ ಕಥೆಯ ಒಂದು ಹಳೆಯ ಅಧ್ಯಾಯ ಕನ್ನಡ ನೆಲದ್ದೇ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಯಬಾಗದ ಸೀಮೆ ಆಗ ಚಾಲುಕ್ಯರ ಸಾಮಂತರಾಗಿದ್ದ ರಟ್ಟರ ಕೂಂಡಿ ನಾಡಿನಲ್ಲಿತ್ತು. ರಾಜ್ಯಾಡಳಿತದಿಂದ ಅಡುಗೆಯವರೆಗೆ ಎಲ್ಲವನ್ನೂ ಹೇಳುವ ಈ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೂ ಇದೆ. ಸುಮಾರು 35 ಬಗೆಯ ಮೀನುಗಳು, ಅವುಗಳಿಗೆ ಯಾವ ಆಹಾರ ಒಗ್ಗುತ್ತದೆ, ಗಾಳ ಹಾಕುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿವರವಾಗಿ ಅಭ್ಯಸಿಸಿ ವಿದ್ವಾಂಸರ ಗಮನಕ್ಕೆ ತಂದರು.

ಅರಸ ಮೀನಿಗೆ ಊಟ ಹಾಕಿಸಿದ್ದು ಕೊಬ್ಬಿಸಿ ಹಿಡಿಯುವುದಕ್ಕೆ. ಭಕ್ತರು ಹಾಕುವುದು ಪುಣ್ಯಕ್ಕೆ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲಾ ಹೊಳೆಯಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿಗೆ ಯಾತ್ರಿಕರು ಮಂಡಕ್ಕಿ ಎಸೆಯುತ್ತಾರೆ. ಮನುಷ್ಯರ ನೆರಳು ಕಂಡರೆ ಸಾಕು, ಮೀನುಗಳು ಗುಂಪುಗೂಡಿ ಬಾಯಿ ತೆರೆಯುತ್ತವೆ. ಅದು ಹಸಿವಿನ ಗುರುತಲ್ಲ. ನೆರಳು ಬಂದರೆ ಊಟ ಬರುತ್ತದೆ ಎಂಬ ಕಲಿಕೆ. 2020ರ ಲಾಕ್‌ಡೌನ್‌ನಲ್ಲಿ ದೇವಸ್ಥಾನಗಳ ಬಾಗಿಲು ಮುಚ್ಚಿ ಯಾತ್ರಿಕರು ನಿಂತುಹೋದರು. ಆದರೂ ಹೊಳೆಯ ಮೀನಿಗೆ ಹೊಳೆಯೇ ಅಡುಗೆಮನೆ: ಪಾಚಿ, ಹುಳ, ದಡದ ಮರದಿಂದ ಉದುರುವ ಹಣ್ಣು. ಉಳಿದದ್ದನ್ನೂ ಹೊಲಸನ್ನೂ ಹರಿವೇ ಒಯ್ಯುತ್ತದೆ.

ಗಾಜಿನೊಳಗೆ ಹೊಳೆ

ಗಾಜಿನ ಪೆಟ್ಟಿಗೆಗೆ ಈ ಹರಿವು ಇಲ್ಲ. ಅದನ್ನು ಮೊದಲು ಚೆನ್ನಾಗಿ ಅರಿತವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಬ್ಬ. ಸುಮಾರು 55 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಅರ್ಧ ನೀರು ತುಂಬಿ, ಎರಡು ಗೋಲ್ಡ್‌ಫಿಶ್ ಮತ್ತು ಒಂದು ನೀರುಗಿಡ ಇಟ್ಟ. ಗಿಡ ಮೀನಿಗೆ ಆಮ್ಲಜನಕ ಕೊಟ್ಟಿತು. ಆದರೆ ಎಲೆಗಳು ಕೊಳೆತು ನೀರು ಕದಡಿತು. ಆಗ ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಅವನು ಓದಿದ ಪ್ರಬಂಧದ ಸಾರ ಇದು. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ನಮ್ಮಲ್ಲಿ ಮುಂಬಯಿಯ ತಾರಾಪೋರೆವಾಲಾ ಮತ್ಸ್ಯಾಲಯ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನದು 1983ರಲ್ಲಿ ಆರಂಭವಾದವು.

ವಾರಿಂಗ್ಟನ್ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇತ್ತು. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಹುಟ್ಟುವುದು ಅದೇ. ಮೀನಿಗೆ ಅದು ವಿಷ. ಫಿಲ್ಟರಿನಲ್ಲಿ, ತಳದ ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಇಂಥ ಬ್ಯಾಕ್ಟೀರಿಯಾಗಳನ್ನು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾದ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದ. ಈ ಕಾಣದ ಕೆಲಸಗಾರರು ದಿನಕ್ಕೆ ಇಷ್ಟೇ ಎಂದು ದುಡಿಯುತ್ತಾರೆ. ನಾಲ್ಕು ದಿನದ ಊಟ ಒಮ್ಮೆಗೇ ಬಿದ್ದರೆ ಅವರ ಕೈ ಸೋಲುತ್ತದೆ. ಕೊಳೆಯುವಿಕೆ ನೀರಿನ ಆಮ್ಲಜನಕವನ್ನೂ ಕಬಳಿಸುತ್ತದೆ. ಕರೆಂಟು ಹೋಗಿ ಪಂಪು ನಿಂತರಂತೂ ಕೇಳುವುದೇ ಬೇಡ.

ಉಪವಾಸ ತಡೆಯುವ ಜೀವ

ಮೀನಿಗೆ ಉಪವಾಸ ನಮ್ಮಷ್ಟು ಕಷ್ಟವಲ್ಲ. ಅದು ಶೀತರಕ್ತದ ಪ್ರಾಣಿ; ಮೈ ಬೆಚ್ಚಗಿಡಲು ಆಹಾರ ಸುಡಬೇಕಾಗಿಲ್ಲ. ಆರೋಗ್ಯದಿಂದಿರುವ ಬೆಳೆದ ಮೀನು ಒಂದು ವಾರ ಊಟವಿಲ್ಲದೆ ಇರಬಲ್ಲದು. ಗೋಲ್ಡ್‌ಫಿಶ್‌ಗೆ ನಿಜವಾದ ಜಠರವೇ ಇಲ್ಲ. ಒಮ್ಮೆಗೆ ತುಂಬಿಕೊಳ್ಳದೆ ದಿನವಿಡೀ ಚೂರು ಚೂರು ಹೆಕ್ಕುವುದು ಅದರ ಸ್ವಭಾವ. ಆದ್ದರಿಂದ ಯಾವಾಗ ನೋಡಿದರೂ ಹಸಿದಂತೆ ಕಾಣುತ್ತದೆ. ಮರಿಗಳ ಮಾತು ಬೇರೆ. ಅವಕ್ಕೆ ದಿನಕ್ಕೆ ಹಲವು ಸಲ ಆಹಾರ ಬೇಕು.

ಮೀನಿಗೆ ಊಟ ಹಾಕದಿರುವುದೇ ಉಪಕಾರವಾದ ಉದಾಹರಣೆಯೂ ನಮ್ಮಲ್ಲಿದೆ. ಸೊಳ್ಳೆ ನಿಯಂತ್ರಣಕ್ಕಾಗಿ ಗಪ್ಪಿ ಮೀನು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಗಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದವು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಹತೋಟಿಗೆ ಯತ್ನಿಸಲಾಯಿತು. ಬಾವಿಯ ಗಪ್ಪಿಗೆ ಯಾರೂ ಊಟ ಹಾಕುವುದಿಲ್ಲ; ಸೊಳ್ಳೆಯ ಮರಿಹುಳವೇ ಅದರ ಊಟ. ಪಡಸಾಲೆಯಲ್ಲಿ ಚಿಟಿಕೆ ಆಹಾರಕ್ಕೆ ಕಾಯುವ ಗಪ್ಪಿಯೂ ಅದೇ ಜಾತಿಯದು.

ಹೊರಡುವ ಮುನ್ನ

ಹಾಗಾದರೆ ಊರಿಗೆ ಹೊರಟವರು ಏನು ಮಾಡಬೇಕು? ಎರಡು ಮೂರು ದಿನದ ಜಾತ್ರೆಯಾದರೆ ಏನೂ ಮಾಡಬೇಕಿಲ್ಲ. ಒಂದು ವಾರವಾದರೆ ಹೊರಡುವ ಒಂದೆರಡು ದಿನ ಮೊದಲು ಕಾಲುಭಾಗ ನೀರು ಬದಲಿಸಿ, ಫಿಲ್ಟರ್ ಸರಿಯಿದೆಯೇ ನೋಡಿದರೆ ಸಾಕು. ಹೊಸ ಮೀನು ತರುವ ಕೆಲಸ ಮರಳಿದ ಮೇಲಿರಲಿ. ಅದಕ್ಕೂ ಹೆಚ್ಚು ದಿನವಾದರೆ ಪಕ್ಕದ ಮನೆಯ ಹುಡುಗನಿಗೆ ಡಬ್ಬಿ ಕೊಡುವುದಕ್ಕಿಂತ ಚಿಟಿಕೆ ಚಿಟಿಕೆಯಾಗಿ ಪುಡಿ ಕಟ್ಟಿ, ಮೂರು ದಿನಕ್ಕೊಂದು ಎಂದು ಹೇಳುವುದು ಲೇಸು. ಡಬ್ಬಿ ಕೈಗೆ ಬಂದರೆ ಪ್ರೀತಿಗೆ ಅಳತೆ ಇರುವುದಿಲ್ಲ. ಗಡಿಯಾರದಂತೆ ತಿರುಗಿ ಆಹಾರ ಉದುರಿಸುವ ಯಂತ್ರಗಳೂ ಸಿಗುತ್ತವೆ. ಅವನ್ನು ಮನೆಯಲ್ಲಿದ್ದಾಗಲೇ ಒಂದು ವಾರ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಅದರ ಅಗತ್ಯ ಹೆಚ್ಚು.

ಸಾಕಲಾಗದೆ ಕೃಷ್ಣೆಗೋ ದೂಧಗಂಗೆಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆ ಮಾತ್ರ ಬೇಡ. ಹೊರದೇಶದ ಅಲಂಕಾರಿಕ ಮೀನುಗಳು ದೇಶದ ಹಲವು ಕೆರೆ, ನದಿ ಸೇರಿ ಅಲ್ಲಿನ ಮೀನುಗಳಿಗೆ ಪೀಡೆಯಾಗಿವೆ.

ಹೇಳಿ ಕೇಳಿ ಹೊರಡುವ ಪ್ರಯಾಣವೇ ಎಲ್ಲವೂ ಅಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಈ ಭಾಗದ ನದಿತೀರದ ಹಳ್ಳಿಗಳ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ಪುಡಿ ಕಟ್ಟಿಡಲು ಯಾರಿಗೂ ಸಮಯವಿರದು. ಆಗ ಮೀನನ್ನು ಕಾಯುವುದು ಕೊನೆಯ ಗಳಿಗೆಯ ಹಿಡಿ ಆಹಾರವಲ್ಲ. ದೊಡ್ಡ ಪೆಟ್ಟಿಗೆ, ಕಡಿಮೆ ಮೀನು, ತಿಳಿ ನೀರು, ಒಂದಿಷ್ಟು ಗಿಡ: ವರ್ಷವಿಡೀ ಮಾಡಿಟ್ಟ ಈ ಏರ್ಪಾಡೇ ಅದಕ್ಕೆ ಆಸರೆ. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯನ್ನು ಹಿರಿಯರು ಮೀನಿಗಾಗಿ ಕಟ್ಟಿರಲಿಕ್ಕಿಲ್ಲ. ಆದರೂ ಬೀಗ ಹಾಕುವ ಮುನ್ನ ಆಹಾರದ ಡಬ್ಬಿ ಹಿಡಿದವರು ಅದನ್ನೊಮ್ಮೆ ನೆನೆದರೆ ಒಳ್ಳೆಯದು.